ಭೂತಪ್ಪನ ಮೀಸೆ ಕಳಚಿದ ದಿನ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಮನೆಗೆ ಬಂದ ಲಗ್ನಪತ್ರಿಕೆಯನ್ನೂ ನನ್ನ ಕೈಗಿಟ್ಟು, "ಯಾರದು ನೋಡು" ಅನ್ನುತ್ತಿದ್ದೆ. ಈ ಕಾಗದವನ್ನು ಮಾತ್ರ ಅಪ್ಪನ ಕೈಯಲ್ಲಿ ಓದಿಸಬೇಡ. ಅವನು ಅಲ್ಲೂ ಅರ್ಧ ಓದಿ, ಬೀಡಿ ಹುಡುಕಿಕೊಂಡು ಎದ್ದು ಹೋಗುತ್ತಾನೆ. ಬೇರೆ ಯಾರನ್ನಾದರೂ ಹಿಡಿದು ಕೂರಿಸಿಕೊ. ಪೂರ್ತಿ ಕೇಳಬೇಕಾದ ಸುದ್ದಿ ಇದು.

ಹರಿಹರದ ನಮ್ಮ ಓಣಿಯಾಚೆಯ ರೈಲ್ವೆ ಗೇಟು ನಿನಗೆ ನೆನಪಿರಲೇಬೇಕು. ಗೇಟು ಬಿದ್ದಾಗಲೆಲ್ಲ ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸದೆ ನಿಂತುಕೊಂಡು, ಗೂಡ್ಸ್ ಗಾಡಿಗೆ ಬಯ್ಯುತ್ತಿದ್ದೆಯಲ್ಲ. ಈಗ ಆ ಗೇಟು ಇಲ್ಲ. ಹಳಿಯ ಕೆಳಗೆ ಅಂಡರ್‌ಪಾಸ್ ಮಾಡುತ್ತಿದ್ದಾರೆ. ದಾವಣಗೆರೆಯಿಂದ ಬರುವ ಬಸ್ಸು, ಲಾರಿ ಎಲ್ಲ ಇನ್ನು ನೆಲದೊಳಗೇ ದಾಟುತ್ತವಂತೆ. ಅದಕ್ಕೆ ಪಕ್ಕದ ಬೇವಿನ ಮರ ತೆಗೆಯಬೇಕಾಯಿತು. ಮರದ ಬುಡದಲ್ಲಿದ್ದ ನಮ್ಮ ಭೂತಪ್ಪನನ್ನೂ.

ನಾನು ಚಿಕ್ಕವಳಿದ್ದಾಗ ಆ ಕಲ್ಲನ್ನು ದೂರದಿಂದಲೇ ನೋಡಿದ್ದು. ಮೊಣಕಾಲೆತ್ತರದ ಕಲ್ಲು. ಅದಕ್ಕೆ ಎಷ್ಟು ತಲೆಮಾರು ಎಣ್ಣೆ, ಕುಂಕುಮ ಮೆತ್ತಿದ್ದರೋ, ಮೂಗು ಎಲ್ಲಿ ಬಾಯಿ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ತಿಳಿಯಲಿ ಅಂತ ನಮ್ಮ ಮನೆತನದವರು ಬೆಳ್ಳಿಯ ಕಣ್ಣು, ಬೆಳ್ಳಿಯ ಮೀಸೆ ಅಂಟಿಸಿದ್ದರು. ಮೇಲಕ್ಕೆತ್ತಿದ ಒಂದು ಕೈ ಮಾತ್ರ ಕಾಣುತ್ತಿತ್ತು. ಅದು ಕತ್ತಿ ಎತ್ತಿದ ಕೈ, ಉಗ್ರ ದೇವರು, ಹೆಂಗಸರು ಬೇವಿನ ನೆರಳನ್ನೂ ತುಳಿಯಬಾರದು ಅಂತ ಕಟ್ಟಳೆ. ವರ್ಷದ ಪೂಜೆಗೆ ನೀನು ಬೆಳಗಿನಿಂದ ಒಲೆ ಮುಂದೆ ಕೂತು ಹೋಳಿಗೆ, ಕಡುಬು ಮಾಡಿ ಎಡೆ ಕಟ್ಟಿ ಕೊಡುತ್ತಿದ್ದೆ. ಗಂಡಸರು ಒಯ್ಯುತ್ತಿದ್ದರು. ಭೂತಪ್ಪನಿಗೆ ನಿನ್ನ ಅಡುಗೆ ಬೇಕಿತ್ತು, ನೀನು ಬೇಡವಾಗಿದ್ದೆ.

ತಮ್ಮನಿಗೆ ಜ್ವರ ಬಂದ ದಿನ ನನಗೆ ಚೂರು ಚೂರೇ ನೆನಪು. ತೊಟ್ಟಿಲಿಗೆ ಹಾಕಿ ಹೆಸರಿಡುವುದಕ್ಕೂ ಮೊದಲಿನ ಕೂಸು. ಅಪ್ಪ ಮಿಲ್ಲಿನ ಪಾಳಿಗೆ ದಾವಣಗೆರೆಗೆ ಹೋಗಿದ್ದ. ನೀನು ಒಳಗೂ ಹೊರಗೂ ಓಡಾಡಿದೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನ ಕಡೆ ಹೋದೆ. ಬಂದಾಗ ನಿನ್ನ ಅಂಗೈಯಲ್ಲಿ ಭೂತಪ್ಪನ ಬುಡದ ಬೂದಿ ಇತ್ತು. ಅದನ್ನು ಕೂಸಿನ ಹಣೆಗೆ, ಎದೆಗೆ ಹಚ್ಚಿದೆ. ಬೆಳಗಾಗುವುದರೊಳಗೆ ಕೂಸು ಹೋಯಿತು.

"ಮುಟ್ಟಬಾರದ್ದು ಮುಟ್ಟಿದ್ಲು, ಭೂತಪ್ಪ ತಗಂಡ." ಈ ಮಾತನ್ನು ಮೊದಲು ಅಂದವರು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಪೂಜೆ ಮಾಡುವವರು ಅವರೇ, ಹಾಗಾಗಿ ಎದುರಾಡುವವರು ಯಾರು? ಓಣಿಯೆಲ್ಲ ಅದನ್ನೇ ಅಂದಿತು. ನಿನ್ನ ತವರೂರು ಸಾರಥಿಯವರೂ ತಲೆ ತಗ್ಗಿಸಿದರು. ನೀನು ಹರಕೆ ಹೊತ್ತು ಉಕ್ಕಡಗಾತ್ರಿಗೆ ಹೋಗಿ, ಹೊಳೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಗುಡಿ ಸುತ್ತುತ್ತಿದ್ದೆ. ನಾನು ನಿನ್ನ ಹಿಂದೆ ನಡುಗುತ್ತಾ ನಡೆಯುತ್ತಿದ್ದೆ. ಹಾಸಿಗೆ ಹಿಡಿದ ಮೇಲೂ ನಿನಗೆ ಅದೇ ಚಿಂತೆ. "ಸರೋಜಿ, ನಾ ಮುಟ್ಟದಿದ್ರೆ ಉಳೀತಿತ್ತೇನೋ ಕೂಸು" ಅಂದೆ. ಇಲ್ಲವ್ವ, ಇಲ್ಲ ಅಂತ ಎಷ್ಟು ಸಲ ಹೇಳಿದರೂ ನೀನು ಗೋಡೆ ಕಡೆ ತಿರುಗಿಕೊಂಡೆ. ಹಾಗೇ ಹೋಗಿಬಿಟ್ಟೆ.

ಕಲ್ಲು ಎತ್ತುವ ದಿನ ದೊಡ್ಡಪ್ಪ ಫೋನು ಮಾಡಿಸಿದ್ದರು. ಹೊಲಿಗೆ ಅಂಗಡಿಗೆ ಬಾಗಿಲು ಹಾಕಿಕೊಂಡು ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಬಂದೆ. ಕಾಯಿ ಒಡೆದು ಜೆಸಿಬಿ ಹಚ್ಚಿದರೆ ಕಲ್ಲು ಅಲುಗಾಡಲಿಲ್ಲ. ನಾವು ಕಂಡಿದ್ದು ಬರೀ ತುದಿಯಂತೆ, ಉಳಿದದ್ದೆಲ್ಲ ನೆಲದೊಳಗೆ. ಬಗೆದಂತೆಲ್ಲ ಕರಿ ಮಡಕೆಯ ಚೂರು, ಈಗ ಯಾರೂ ಸುಡದಷ್ಟು ಅಗಲದ ಇಟ್ಟಿಗೆ, ಯಾವುದೋ ಹಳೇ ಗುಡಿಯ ಎರಡು ಮೆಟ್ಟಿಲು ಬಂದವು. ಕೆಲಸ ನಿಲ್ಲಿಸಿ ಪುರಾತತ್ವ ಇಲಾಖೆಯವರನ್ನು ಕರೆಸಿದರು. ಬಂದವಳು ನನ್ನ ಮಗಳ ವಯಸ್ಸಿನ ಹುಡುಗಿ. ಅವಳು ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತಳು, ಆ ಎಣ್ಣೆ ಜಿಡ್ಡನ್ನು ನಿಧಾನಕ್ಕೆ ಹೆರೆಯತೊಡಗಿದಳು. ನಮ್ಮ ಗಂಡಸರ ಮುಖ ನೋಡಬೇಕಿತ್ತು ನೀನು. ಸರ್ಕಾರದವಳು ಅಂತ ಯಾರೂ ತಡೆಯಲಿಲ್ಲ.

ಮೀಸೆ ಕಳಚಿ ಬಿತ್ತು. ಎತ್ತಿದ ಕೈಯ ಮೇಲಿನ ಜಿಡ್ಡು ಹೋಯಿತು. ಅವಳು ತಿರುಗಿ, "ಇದು ಗಂಡಸಿನ ಕಲ್ಲಲ್ಲ ರೀ. ಬಳೆ ನೋಡ್ರಿ" ಅಂದಳು.

"ಸುಮ್ಕಿರವ್ವ, ಅದು ಭೂತಪ್ಪನ ಕಡಗ" ಅಂದರು ದೊಡ್ಡಪ್ಪ.

"ಮೊಣಕೈ ಮಟ ಕಡಗ ಹಾಕ್ಕಂತಾರೇನ್ರಿ ಅಜ್ಜಾರ?"

ಮಾಸ್ತಿಕಲ್ಲಂತೆ ಅವ್ವ. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿನ ನೆನಪಿಗೆ ನಿಲ್ಲಿಸಿದ್ದು. ಕೈಯಲ್ಲಿ ಕತ್ತಿಯಿಲ್ಲ, ಒಂದು ನಿಂಬೆಹಣ್ಣು. ತಾನಾಗಿ ಏರಿದಳೋ, ಎಳೆದು ಏರಿಸಿದರೋ, ಅದು ಕಲ್ಲಿನಲ್ಲಿ ಎಲ್ಲಿ ಬರೆದಿರುತ್ತದೆ? ಸುಟ್ಟಿದ್ದು ಸಾಲದು ಅಂತ ನಾವು ಮೀಸೆ ಅಂಟಿಸಿ, ಹೆಂಗಸರನ್ನೇ ಅವಳ ಹತ್ತಿರ ಬಿಡಲಿಲ್ಲ. ನಗು ಬಂತು ನನಗೆ. ಆಮೇಲೆ ನಿನ್ನ ಒದ್ದೆ ಸೀರೆ ನೆನಪಾಗಿ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತು ಅತ್ತೆ.

ಕಲ್ಲನ್ನು ಈಗ ಹರಿಹರದ ಗುಡಿಯಂಗಳದಲ್ಲಿ, ಹಳೇ ಶಾಸನಗಳ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಹದಿನೈದು ದಿನದಲ್ಲಿ ನಮ್ಮವರು ಹೇಗೆ ಬದಲಾದರು ಅಂತೀಯ! ಭೂತಪ್ಪ ಹೋಗಿ ಮಾಸ್ತಮ್ಮ ಆಯಿತು, ಹಸಿರು ಸೀರೆ ಬಂತು, ಹಸಿರು ಬಳೆ ಬಂತು. ಮೊನ್ನೆ ಪೂಜೆಗೆ ಮನೆತನದವರೆಲ್ಲ ಸೇರಿದ್ದರು. ದೊಡ್ಡಪ್ಪ ನನ್ನನ್ನು ಕರೆದು, "ಹಿರೇ ಹೆಣ್ಮಗಳು ನೀನ ಐದಿಯಲ್ಲ, ಬಾ ಸರೋಜಿ, ತಾಯಿಗೆ ಉಡಿ ತುಂಬು" ಅಂದರು. ನನಗೆ ಮೈ ಉರಿದುಹೋಯಿತು.

"ತುಂಬಲ್ಲ ದೊಡ್ಡಪ್ಪ. ಮೊದ್ಲು ನಮ್ಮವ್ವನ್ದು ತಪ್ಪಿರಲಿಲ್ಲ ಅಂತ ಎಲ್ರ ಮುಂದ ಹೇಳ್ರಿ."

"ಹೆಣ್ಣುದೇವ್ರು ಅಂತ ಆಗ ಯಾರಿಗೆ ಗೊತ್ತಿತ್ತವ್ವ? ಈಗ ಯಾಕ ಅದೆಲ್ಲ?"

"ಗಂಡುದೇವ್ರ ಆಗಿದ್ರೂ, ಅವ್ವ ಮುಟ್ಟಿದ್ಲು ಅಂತ ಕೂಸನ್ನ ಕೊಲ್ತಿತ್ತೇನ್ರಿ?"

ಅವರು ಕೋಲೂರಿ ಗುಡಿಯ ಕಟ್ಟೆ ಮೇಲೆ ಕೂತರು. ಎಂಬತ್ತು ದಾಟಿದೆ. ಬಯ್ಯುತ್ತಾರೆ ಅಂತ ನಾನು ಕಾದೆ.

"ನಿಮ್ಮವ್ವ ಹಾಲವ್ವ ಅವತ್ತು ಬಾಗಿಲಾಗೆ ನಿಂತು ಬೇಡಿಕಂಡ್ಲು" ಅಂದರು. "ದಾವಣಗೆರೆ ದವಾಖಾನಿಗೆ ಕರ್ಕಂಡು ಹೋಗಾಣ ಬರ್ರಿ ಬಾವ, ಕೂಸಿನ ಮೈ ಸುಡಾಕತ್ತೈತೆ ಅಂದ್ಲು. ಬ್ಯಾಡ, ಬೂದಿ ಹಚ್ಚಿದ್ರೆ ಇಳೀತೈತೆ, ಸಂಜಿಗೆ ನಾನ ತಂದುಕೊಡ್ತೀನಿ ಅಂದು ಗದ್ದೆಗೆ ಹೋದೆ. ನಾಲೆಗೆ ನೀರು ಬಿಟ್ಟಿದ್ರು, ಸಂಜಿಗೆ ಬರಲೇ ಇಲ್ಲ ನಾನು. ಆಕಿ ಕಾದು ಕಾದು ತಾನ ಹೋಗಿ ತಂದ್ಲು. ಕೂಸು ಹೋದ ಮ್ಯಾಲೆ ಎಲ್ರೂ ನನ್ನ ಮಕ ನೋಡಿದ್ರು. ನಾನು ಆಕಿ ಮಕ ನೋಡಿದೆ."

ಹೆಂಗಸರು, ಗಂಡಸರು, ಎಲ್ಲರೂ ಕೇಳಿಸಿಕೊಂಡರು ಅವ್ವ. ನಿನ್ನನ್ನು ಆಡಿಕೊಂಡು ತಿರುಗಿದವರಲ್ಲಿ ಉಳಿದವರೆಲ್ಲ ಅಲ್ಲಿದ್ದರು.

ನಿನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವರಿಗೆ ದಿನಾ ಮುದ್ದೆ ಮುರಿದು ಹಾಕಿ, ಸಾರು ಬಡಿಸಿದೆಯಲ್ಲ, ಯಾಕೆ ಹೇಳಲಿಲ್ಲ? ಹೇಳಿದರೆ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ ಅಂತಲಾ? ಯಾರೂ ನಂಬುವುದಿಲ್ಲ ಅಂತಲಾ? ಇಲ್ಲಾ, ಕೇಳಿ ಕೇಳಿ ನೀನೇ ಅವರ ಮಾತನ್ನು ನಂಬಿ... ನನಗೂ ಒಂದು ಮಾತು ಹೇಳಬಾರದಾಗಿತ್ತೇ? ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಹೇಗೆ ಬದುಕಿದೆ ಅವ್ವ?

ಉಡಿ ತುಂಬಿದೆ. ದೊಡ್ಡಪ್ಪನ ಮಾತಿಗಲ್ಲ, ಆ ಹೆಂಗಸಿನ ಸಲುವಾಗಿ. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಇಟ್ಟು ಕೈ ಮುಗಿದು ಹೊರಟಾಗ ದೊಡ್ಡಪ್ಪ ನನ್ನ ಸೆರಗು ಹಿಡಿದರು. "ಆಕಿ ಇದ್ದಿದ್ರೆ ನನ್ನ ಕ್ಷಮಿಸ್ತಿದ್ಲೇನ ಸರೋಜಿ?" ಅಂತ ಕೇಳಿದರು. ಕಣ್ಣಲ್ಲಿ ನೀರಿತ್ತು. ಹೂಂ ಅಂದಿದ್ದರೆ ಆ ಮುದುಕ ಅವತ್ತು ನೆಮ್ಮದಿಯಿಂದ ಉಣ್ಣುತ್ತಿದ್ದರೇನೋ. ನನ್ನ ಬಾಯಿಂದ ಬರಲಿಲ್ಲ. ಅದು ನಾನು ಕೊಡುವಂಥದ್ದಲ್ಲ. ಸೆರಗು ಬಿಡಿಸಿಕೊಂಡು, ಅವರ ಕೈ ಹಿಡಿದು ಆಟೋ ಹತ್ತಿಸಿದೆ.

ಅವರೂ ಇನ್ನು ಬಹಳ ದಿನದವರಲ್ಲ. ನಿನ್ನ ಹತ್ತಿರ ಬಂದ ದಿನ ಮೊದಲು ಅದನ್ನೇ ಕೇಳುತ್ತಾರೆ. ಕ್ಷಮಿಸುವುದಾದರೆ ಕ್ಷಮಿಸು, ಇಲ್ಲವಾದರೆ ಬಾಯಿ ತುಂಬ ಬಯ್ಯಿ. ಹಿರಿಯರು, ಬಾವ ಅಂತ ಈ ಸಲವೂ ತಲೆ ತಗ್ಗಿಸಿ ಸುಮ್ಮನೆ ನಿಲ್ಲಬೇಡ, ಅವ್ವ.

ನಿನ್ನ
ಸರೋಜಿ