ಮುಂದಿನ ಕೋಣೆಯ ಬಾಗಿಲು

ತೆರಿಗೆ ಅಧಿಕಾರಿಗಳಿಗೆ, ಮನೆಯಲ್ಲೇ ಕ್ಷೌರದಂಗಡಿ ನಡೆಸುವವನ ನಮಸ್ಕಾರಗಳು.

ಮುಂದಿನ ಕೋಣೆಗೆ ನಾನು ಹಾಕಿಸಿದ ದೊಡ್ಡ ಕಿಟಕಿಯನ್ನೂ ಬೀದಿಗೆ ತೆರೆಸಿದ ಹೊಸ ಬಾಗಿಲನ್ನೂ ನೀವು ಅಂಗಡಿಯ ಖರ್ಚೆಂದು ಒಪ್ಪಿಲ್ಲ. ಅಲ್ಲಿ ಅಪ್ಪನ ಮಂಚವಿದೆ, ಆದ್ದರಿಂದ ಅದು ಮನೆಯ ಸುಧಾರಣೆ ಎಂದಿದ್ದೀರಿ. ಮಂಚವನ್ನು ಒಳಗೆ ಹಾಕಿದರೆ ಮತ್ತೆ ನೋಡೋಣ ಎಂದೂ ಬರೆದಿದ್ದೀರಿ. ನಿಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆದಿದೆ. ಆ ಖರ್ಚನ್ನೂ ನೀವು ಒಪ್ಪುವುದಿಲ್ಲವೆಂದು ಗೊತ್ತು.

ಸ್ವಾಮಿ, ಒಳಗಿನ ಕೋಣೆಗೆ ಕಿಟಕಿಯೇ ಇಲ್ಲ. ನನಗೆ ಕತ್ತರಿ ಹಿಡಿಯಲು ಕಲಿಸಿದ ಅಪ್ಪ ಈಗ ಮಂಚದಿಂದ ಏಳಲಾರರು. ಆದರೂ ಮಲಗಿದಲ್ಲಿಂದಲೇ, "ಲೋ, ಕಿವಿ ಹಿಂದೆ ನೋಡೋ! ಕೂದಲು ಕತ್ತರಿಸ್ತಿದ್ದೀಯೋ, ಕಳೆ ಕೀಳ್ತಿದ್ದೀಯೋ?" ಎಂದು ಗದರುತ್ತಾರೆ. ಅದನ್ನು ಕೇಳಲೆಂದೇ ಬರುವ ಗಿರಾಕಿಗಳಿದ್ದಾರೆ. ಪರಿಶೀಲನೆಗೆ ಬಂದ ನಿಮ್ಮನ್ನೂ, "ಸಾಹೇಬ್ರೇ, ಈ ತಲೇನ ಯಾರ ಕೈಗೆ ಕೊಟ್ಟಿದ್ರಿ?" ಎಂದು ಕೇಳಿದ್ದರು. ನೀವು ನಗಲಿಲ್ಲ.

ಮಂಚ ಅಲುಗುವುದಿಲ್ಲ. ಬೇಕಿದ್ದರೆ ಕಿಟಕಿಯ ಖರ್ಚು ಹೊಡೆದುಹಾಕಿ. ಬೆಳಕು ಅಪ್ಪನ ಮೇಲೂ ಬೀಳುತ್ತದೆ, ಒಪ್ಪುತ್ತೇನೆ. ಬಾಗಿಲನ್ನು ಮಾತ್ರ ನಾನು ಬಿಡುವುದಿಲ್ಲ. ಅದು ಗಿರಾಕಿಗಳದ್ದು. ಮನೆಯವರು ಇಂದಿಗೂ ಪಕ್ಕದ ಹಳೆಯ ಬಾಗಿಲಲ್ಲೇ ಓಡಾಡುತ್ತೇವೆ.

ಒಂದು ದಿನ ಅಪ್ಪನನ್ನು ಹೊಸ ಬಾಗಿಲಿಂದಲೇ ಹೊರಗೆ ತರಬೇಕಾಗುತ್ತದೆ. ಮಲಗಿದವರನ್ನು ಹೊತ್ತು ತರಲು ಹಳೆಯದು ಇಕ್ಕಟ್ಟು. ಆ ಒಂದು ದಿನವನ್ನು ಮನೆಯ ಲೆಕ್ಕಕ್ಕೆ ಹಾಕಿಕೊಳ್ಳಿ. ಅಲ್ಲಿಯವರೆಗೆ ಬಾಗಿಲು ಅಂಗಡಿಯದೇ ಎಂದು ಬರೆದುಕೊಡಬೇಕಾಗಿ ವಿನಂತಿ.

ಇಂತಿ,
ಅಪ್ಪನ ಮಂಚದ ಪಕ್ಕದಿಂದ,
ನಿಮ್ಮ ತೆರಿಗೆದಾರ