ಎಡಗಣ್ಣಿನ ಕೋವಿ

ಫೆಬ್ರವರಿ 8, ಶನಿವಾರ

ಪ್ಲಮ್ ಜಾಮ್ ಬಾಟಲಿಗೆ ತುಂಬಿದೆ. ಒಂದು ಬಾಟಲಿ ಬಿಸಿಗೆ ಒಡೆಯಿತು. ನೆಲವೆಲ್ಲ ಅಂಟು. ಒರೆಸಿ, ಕೋಳಿಗಳಿಗೆ ನೀರಿಟ್ಟು, ಲೈಲ್ ಜೊತೆ ಗುರಿ ಹೊಡೆಯುವ ಕ್ಲಬ್ಬಿಗೆ.

ಮಣ್ಣಿನ ಬಿಲ್ಲೆಗಳು ಒಂದರ ಹಿಂದೊಂದು ಹಾರಿದವು. ಒಂದಕ್ಕೂ ಚರೆ ತಾಗಲಿಲ್ಲ. ಮನೆಯಲ್ಲಿ ಬಾಟಲಿ ತಾನಾಗಿ ಒಡೆಯುತ್ತದೆ, ಅಲ್ಲಿ ಬಿಲ್ಲೆ ಹೊಡೆದರೂ ಒಡೆಯುವುದಿಲ್ಲ. ಬಿಲ್ಲೆ ಬಿಡಿಸಲು ‘ಪುಲ್’ ಅಂತ ಕೂಗಬೇಕು, ಅದಕ್ಕೆ ಬೇರೆ ನಾಚಿಕೆ. ಆಮೆನ್ ಅನ್ನುವ ದನಿಯಲ್ಲಿ ಹೇಳಿದೆ. ಬಿಲ್ಲೆ ಎಸೆಯುವ ಯಂತ್ರದ ಹುಡುಗಿಗೆ ಕೇಳಿಸಲೇ ಇಲ್ಲ.

ಕೋವಿ ಮಾವನದು, ಲೈಲ್‌ನ ಅಪ್ಪನದು. ಹಳೇ ಜೋಡಿನಳಿಗೆ. ಭುಜದ ಆಪರೇಷನ್ ಆದ ಮೇಲೆ ಲೈಲ್ ಈ ವರ್ಷ ಕೋವಿ ಎತ್ತುವಂತಿಲ್ಲ. ಇತ್ತ ನಮ್ಮ ಬೇಟೆನಾಯಿ ಡಾಟಿಗೆ ವಯಸ್ಸಾಯಿತು. ಹಿಂಗಾಲು ಬಿಗಿಯುತ್ತದೆ. ಈ ಸಲದ ಬೇಟೆಯ ಸೀಸನ್ ಓಡಾಡಿಯಾಳು, ಮುಂದಿನದು ಹೇಳಲಾರೆ ಅಂದರು ನಾಯಿ ಡಾಕ್ಟರು. ಲಾವಕ್ಕಿಯ ವಾಸನೆ ಹಿಡಿದು ಒಂದು ಕಾಲೆತ್ತಿ ನಿಲ್ಲುವುದಕ್ಕೆಂದೇ ಹುಟ್ಟಿದ ಜೀವ. ಅವಳ ಹಿಂದೆ ಯಾರಾದರೂ ಕೋವಿ ಹಿಡಿದು ನಡೆಯಬೇಕಲ್ಲ. ನಾನೇ ನಡೆಯುತ್ತೇನೆ ಅಂದುಬಿಟ್ಟೆ. ಲೈಸೆನ್ಸೂ ಮಾಡಿಸಿಕೊಂಡೆ. ಈಗ ಈ ಕಥೆ.

ಕರ್ತನೇ, ಡಾಟಿಯ ಮುಂದೆ ಒಂದು ಲಾವಕ್ಕಿ ಬೀಳಲಿ. ಒಂದೇ ಸಾಕು.

ಫೆಬ್ರವರಿ 9, ಭಾನುವಾರ

ಕೆನ್ನೆ ಕಪ್ಪಿಟ್ಟಿದೆ. ಪೌಡರ್ ಬಳಿದು ಚರ್ಚಿಗೆ ಹೋದೆ. ಬಾಗಿಲಲ್ಲಿ ಪಾಸ್ಟರ್ ಗ್ರೇಮ್ ಕೈಕುಲುಕುತ್ತಾ ಕೆನ್ನೆ ನೋಡಿದರು, ಲೈಲ್‌ನನ್ನು ನೋಡಿದರು, ಮತ್ತೆ ಕೆನ್ನೆ ನೋಡಿದರು. ಲೈಲ್‌ನ ಕಿವಿ ಕೆಂಪಾಯಿತು.

“ಅಯ್ಯೋ ನಾನಲ್ಲ ಪಾಸ್ಟರ್, ನಮ್ಮಪ್ಪನ ಕೋವಿ” ಅಂದ.

ಹಿಂದಿನ ಸಾಲಿನವರೆಲ್ಲ ನಕ್ಕರು. ನಾನೂ.

ಫೆಬ್ರವರಿ 22, ಶನಿವಾರ

ಪಕ್ಕದ ಹೊಲದ ಟ್ರೆವರ್ ಕ್ಲಬ್ಬಿಗೆ ತನ್ನ ಮಗಳ ಕೋವಿ ತಂದಿದ್ದ. ಇಪ್ಪತ್ತರ ಬೋರ್, ಸಣ್ಣದು, ಹಗುರ. ಹೆಂಗಸರಿಗೆ ಇದೇ ಸರಿ ಅಂತ ಅವನ ತೀರ್ಮಾನ. ಹಗುರವೇನೋ ಹೌದು, ಆದರೆ ಹೆಗಲಿಗೆ ಕತ್ತೆ ಒದ್ದ ಹಾಗೆ ಒದೆಯಿತು. ಒಂದು ಬಿಲ್ಲೆ ಒಡೆದೆ. ನಾನು ಗುರಿಯಿಟ್ಟದ್ದು ಅದಕ್ಕಲ್ಲ… ಟ್ರೆವರ್ ಚಪ್ಪಾಳೆ ತಟ್ಟಿದ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಡಾಟಿ ಗಾಡಿಯೊಳಗಿಂದ ನೋಡುತ್ತಿದ್ದಳು. ಗುರಿ ತಪ್ಪಿದಾಗ ಅವಳು ತಿರುಗಿ ನೋಡುವ ನೋಟ ಒಂದಿದೆ. ಪ್ರಾರ್ಥನೆಯ ಮಧ್ಯೆ ಮೊಬೈಲ್ ರಿಂಗಾದರೆ ಪಾಸ್ಟರ್ ನೋಡುವಂಥದ್ದು. ಲೈಲ್ ಅದನ್ನು ಎಷ್ಟೋ ಸಲ ತಿಂದಿದ್ದಾನೆ. ಇವತ್ತು ಪೂರ್ತಿ ನನಗೆ.

ವಾಪಸು ಬರುವಾಗ ಲೈಲ್ ಅಂದ, ಅಪ್ಪನ ಕೋವಿಯೇ ವಾಸಿ, ಅಭ್ಯಾಸ ಆಗಬೇಕು ಅಷ್ಟೆ. ನನಗೋಸ್ಕರ ಅದನ್ನು ದಿನಾ ಒಂಟಿಗೈಯಲ್ಲೇ ಎಣ್ಣೆ ಹಚ್ಚಿ ಉಜ್ಜುತ್ತಿದ್ದಾನೆ. ಬೇಡ ಅನ್ನಲು ಬಾಯಿ ಬರುವುದಿಲ್ಲ.

ಫೆಬ್ರವರಿ 26, ಬುಧವಾರ

ಹಾರ್ಷಮ್ ಪೇಟೆಗೆ ಹೋಗಿದ್ದೆ, ಹಲ್ಲಿನ ಡಾಕ್ಟರ ಹತ್ತಿರ. ಅದು ಮುಗಿದ ಮೇಲೆ ಕಾಲು ತಾನಾಗಿ ಕೋವಿ ಅಂಗಡಿಗೆ ಹೋಯಿತು. ಲೈಲ್‌ಗೆ ಹೇಳಿರಲಿಲ್ಲ. ಬಾಯಿ ಇನ್ನೂ ಮರಗಟ್ಟಿತ್ತು. ಜೊಲ್ಲು ಸುರಿಸಿಕೊಂಡೇ ಮಾತಾಡಿದೆ.

ಅಂಗಡಿಯವಳು ಕೊರಾಲಿ. ದಪ್ಪ ಕನ್ನಡಕ, ಬಿಡಿಸಿ ಬಿಡಿಸಿ ಆಡುವ ಮಾತು. ಯಾವ ಕೋವಿಯನ್ನೂ ಕೆಳಗಿಳಿಸಲಿಲ್ಲ. ಎರಡೂ ಕಣ್ಣು ತೆರೆದು ತನ್ನ ಮೂಗಿಗೆ ಬೆರಳು ತೋರಿಸಲು ಹೇಳಿದಳು. ತೋರಿಸಿದೆ. ನಕ್ಕಳು.

“ಇಷ್ಟು ದಿನ ಯಾವ ಹೆಗಲ ಮೇಲೆ ಇಟ್ಕೊಂಡು ಹೊಡೀತಿದ್ರಿ?”

“ಬಲಗಡೆ. ಬಲಗೈಯವಳು ನಾನು.”

“ಕೈ ಬಲಗೈ ಇರಬಹುದು ಮೇಡಂ. ಬೆರಳು ನಿಮ್ಮ ಎಡಗಣ್ಣಿನ ನೇರಕ್ಕೆ ಬಂತು, ಯಜಮಾನಿಕೆ ಅದರದ್ದು. ನೀವು ಬಿಲ್ಲೆಗೆ ಹೊಡೀತಿರಲಿಲ್ಲ, ಅದರ ಪಕ್ಕದ ಗಾಳಿಗೆ ಹೊಡೀತಿದ್ರಿ.”

ಹಾಗಾದರೆ ತಪ್ಪು ನನ್ನದಲ್ಲ! ಅಲ್ಲೇ ಕುಣಿಯಬೇಕು ಅನ್ನಿಸಿತು. ಒಂದು ಕಣ್ಣಿಗೆ ಪಟ್ಟಿ ಅಂಟಿಸಿ ಹೊಡೆಯುವವರೂ ಇದ್ದಾರಂತೆ. ಆದರೆ ಹೊಸದಾಗಿ ಕಲಿಯುವವರು ಹೆಗಲು ಬದಲಿಸುವುದೇ ಒಳ್ಳೆಯದಂತೆ, ಹಕ್ಕಿ ಏಳುವಾಗ ಎರಡು ಕಣ್ಣೂ ಬೇಕು ಅಂದಳು.

ಆಮೇಲೆ ಎರಡು ಕೋವಿ ತಂದಳು. ಎರಡೂ ಹನ್ನೆರಡರ ಬೋರ್, ಮೇಲೊಂದು ಕೆಳಗೊಂದು ನಳಿಗೆ. ಎರಡನ್ನೂ ನಡುವೆ ಮಡಚಿ ತೆರೆದು, ಒಳಗೆ ತೋಟಾ ಇಲ್ಲವೆಂದು ನನ್ನ ಕಣ್ಣಿಗೆ ತೋರಿಸಿದಳು. ಒಂದು ಹಗುರ. ಕೂಳೆ ಹೊಲದಲ್ಲಿ ದಿನವಿಡೀ ಹೊತ್ತು ತಿರುಗಬಹುದು, ಆದರೆ ಬಿಲ್ಲೆ ಹೊಡೆಯುತ್ತಾ ಹೋದರೆ ಹೆಗಲು ಹಣ್ಣಾಗುತ್ತದೆ. ಇನ್ನೊಂದು ಭಾರ. ಒದೆತ ಕಡಿಮೆ, ತಿರುಗಿಸಿದರೆ ಹೊಯ್ದಾಡದೆ ಸಾಗುತ್ತದೆ. ಯಾರೋ ಎಡಗೈಯವರು ಬಳಸಿ ಮಾರಿದ್ದು, ಹೆಗಲಿಗೊತ್ತುವ ಮರ ಎಡಗಡೆಗೆ ಒಂಚೂರು ಓರೆ.

ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಬಾತುಕೋಳಿ. ಅದನ್ನು ನೋಡಿ, ಕಣ್ಣು ಮುಚ್ಚಿ, ಕೋವಿ ಏರಿಸಿ, ಆಮೇಲೆ ಕಣ್ಣು ಬಿಡಿ ಅಂದಳು. ಹಗುರದ್ದು ಏರಿಸಿದೆ — ತುದಿ ಸೀಲಿಂಗ್ ನೋಡುತ್ತಿತ್ತು. ಭಾರದ್ದು ಏರಿಸಿ ಕಣ್ಣು ಬಿಟ್ಟೆ — ನೆಟ್ಟಗೆ ಬಾತುಕೋಳಿಯ ಎದೆ. ಮತ್ತೆ ಮಾಡಿದೆ. ಮತ್ತೆ ಎದೆ.

ಇದನ್ನು ಹೊತ್ತು ನಡೆಯುವುದು ಕಷ್ಟವಾಗಲ್ವಾ ಅಂತ ಅವಳಿಗೇ ಅನುಮಾನ. ಬಲಿತ ಕುರಿಮರಿಗಳನ್ನು ಕಂಕುಳಲ್ಲಿ ಹೊತ್ತು ಬೇಲಿ ದಾಟಿದವಳು ನಾನು, ಅವು ಒದೆಯುತ್ತಿದ್ದವು ಕೂಡ ಅಂದೆ. ಭಾರದ್ದೇ ಸರಿ.

ಮೊದಲ ಕೋವಿಯಾದ್ದರಿಂದ ಪರ್ಮಿಟ್‌ಗೆ ತಿಂಗಳು ಕಾಯಬೇಕಂತೆ. ಏಪ್ರಿಲ್ ಮೊದಲಿಗೇ ಸೀಸನ್ ಶುರು, ಅಂಚಿಗೆ ಅಂಚು. ಅರ್ಜಿ ಹಾಕಿ ಬಂದೆ.

ಫೆಬ್ರವರಿ 27, ಗುರುವಾರ

ಲೈಲ್‌ಗೆ ಹೇಳಿದೆ. ಶೆಡ್ಡಿಗೆ ಹೋಗಿ ಕೂತ. ಚಹಾ ತಣ್ಣಗಾಯಿತು. ಅಪ್ಪನ ಕೋವಿ ಅವನಿಗೆ ಬರೀ ಕೋವಿಯಲ್ಲ, ನನಗೆ ಗೊತ್ತು. ಮಂಡಿಯೂರಿ ಕೇಳಿದೆ — ಕರ್ತನೇ, ಇದು ನನ್ನ ಸೊಕ್ಕೋ? ಅಷ್ಟರಲ್ಲಿ ಬ್ರೆಡ್ಡಿನ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಬಂದಿತ್ತು, ಎದ್ದೆ.

ಮಾರ್ಚ್ 2, ಭಾನುವಾರ

ಚರ್ಚ್ ಮುಗಿದ ಮೇಲೆ ಚಹಾ ಕುಡಿಯುತ್ತಾ ನನ್ನ ಎಡಗಣ್ಣಿನ ಕಥೆ ಕೇಳಿ ಪಾಸ್ಟರ್ ಅಂದರು, ಬೈಬಲಿನ ಬೆನ್ಯಾಮೀನನ ಕುಲದಲ್ಲಿ ಎಡಗೈ ಕವಣೆಗಾರರಿದ್ದರು, ಕೂದಲೆಳೆಗೆ ಬೀಸಿದರೂ ಗುರಿ ತಪ್ಪುತ್ತಿರಲಿಲ್ಲ, ಮರೆತಿರಾ? ಮರೆತಿದ್ದೆ! ಇಷ್ಟು ವರ್ಷ ಓದಿಯೂ. ಸ್ತೋತ್ರ, ಸ್ತೋತ್ರ.

ಲೈಲ್ ಅಲ್ಲೇ ನಿಂತು ಕೇಳಿಸಿಕೊಂಡ. ಒಂದು ಸ್ಕೋನ್ ಬನ್ನು ತಿಂದ. ಮನೆಗೆ ಬಂದು ಅಪ್ಪನ ಕೋವಿ ತೆಗೆದು, ಬಿಡಿಸಿ ನೋಡಿ, ನನ್ನ ಎದುರು ಕೂತ.

“ನೆಟ್ಟಿ, ಯಾರಿಗೂ ಹೇಳ್ಬೇಡ. ಇದು ನಂಗೂ ಒಂದು ದಿನ ಸರಿಯಾಗಿ ಕೂತಿಲ್ಲ. ಅಪ್ಪನ ತೋಳು ಉದ್ದ. ನಂದು ನೋಡು, ಅಮ್ಮನ ತೋಳು.”

“ಮತ್ತೆ ಇಷ್ಟು ವರ್ಷ ಗಾಳಿ ಜೋರಿತ್ತು, ಬಿಸಿಲು ಕಣ್ಣಿಗೆ ಬಿತ್ತು ಅಂತಿದ್ದೆ?”

“ಗಾಳಿನೂ ಇತ್ತು ಬಿಡು.”

ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಅಪ್ಪನ ಕೋವಿ ಮತ್ತೆ ಬೀರುವಿಗೆ ಹೋಯಿತು. ಮರ್ಯಾದೆಯಿಂದ, ಒಳ್ಳೇ ಬಟ್ಟೆಯಲ್ಲಿ ಸುತ್ತಿಕೊಂಡು.

ಮಾರ್ಚ್ 11, ಮಂಗಳವಾರ

ಕೋವಿ ಬರುವವರೆಗೆ ಪೊರಕೆ. ಅಡುಗೆಮನೆಯಲ್ಲಿ ಪೊರಕೆಯ ಕೋಲನ್ನು ಎಡಹೆಗಲಿಗೆ ಏರಿಸು, ಇಳಿಸು. ಲೈಲ್ ಕುರ್ಚಿಯಲ್ಲಿ ಕೂತು ದೊಡ್ಡ ಕೋಚ್ ಥರ. ಮುಖ ಕೋವಿಗೆ ಬಗ್ಗಿಸ್ಬೇಡ ಕಣೆ, ಕೋವಿನ ಮುಖಕ್ಕೆ ತಾ! ಡಾಟಿ ಪೊರಕೆಯ ತುದಿ ಎತ್ತ ಹೋದರೆ ಅತ್ತ ನೋಡಿ ಕಾಲೆತ್ತಿ ನಿಂತುಬಿಟ್ಟಳು. ರೆಫ್ರಿಜರೇಟರಿನ ಮೇಲೆ ಲಾವಕ್ಕಿ ಇದೆ ಅಂತ ಅವಳಿಗೆ ಖಾತ್ರಿ.

ಮಾರ್ಚ್ 29, ಶನಿವಾರ

ಬಂತು! ನಿನ್ನೆ ಮನೆಗೆ ತಂದೆವು. ಇವತ್ತು ಕ್ಲಬ್ಬಿಗೆ. ಮೊದಲ ಬಿಲ್ಲೆ ತಪ್ಪಿತು. ಎರಡನೆಯದೂ. ಲೈಲ್ ಹಿಂದಿನಿಂದ ಮೆಲ್ಲಗೆ, “ಪೊರಕೆ ಅಂದ್ಕೋ” ಅಂದ.

ಗಟ್ಟಿಯಾಗಿ ಪುಲ್ ಅಂದೆ. ಬಿಲ್ಲೆ ಹೊಗೆಯಾಯಿತು. ಚೂರಲ್ಲ — ಹೊಗೆ! ಮುಂದಿನದೂ. ಅದರ ಮುಂದಿನದೂ. ಟ್ರೆವರ್‌ನ ಬಾಯಲ್ಲಿದ್ದ ಸಾಸೇಜ್ ಅಲ್ಲೇ ನಿಂತಿತು. ಮುಂದಿನ ಶನಿವಾರ ನನ್ನ ಗೋಧಿ ಕೂಳೆಗೇ ಬನ್ನಿ, ಲಾವಕ್ಕಿ ದಂಡಿಯಾಗಿವೆ ಅಂದ. ಹೆಂಗಸರ ಕೋವಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಎತ್ತಬೇಕು ಅಂತ ತುಂಬಾ ಇತ್ತು.

ಏಪ್ರಿಲ್ 4, ಶುಕ್ರವಾರ

ಡಾಟಿ ಬೆಳಿಗ್ಗೆ ಕುಂಟಿದಳು. ಮಧ್ಯಾಹ್ನ ಬಿಸಿನೀರಿನ ಬಟ್ಟೆ ಕಟ್ಟಿ ಕಾಲು ತಿಕ್ಕಿದೆ. ಸಂಜೆ ನನ್ನ ಬೂಟು ಕಚ್ಚಿಕೊಂಡು ಬಂದು ಬಾಗಿಲಲ್ಲಿ ಇಟ್ಟಳು. ನಾಳೆ ಅಂತ ಇವಳಿಗೆ ಹೇಳಿದವರ್ಯಾರು?

ಏಪ್ರಿಲ್ 5, ಶನಿವಾರ, ಬೆಳಿಗ್ಗೆ ಒಂಬತ್ತು

ಟ್ರೆವರ್‌ನ ಹೊಲದಲ್ಲಿ, ಗಾಡಿಯ ಹಿಂಬದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಫ್ಲಾಸ್ಕಿನ ಚಹಾ ಅರ್ಧ ಚೆಲ್ಲಿದೆ.

ಸೂರ್ಯ ಬೇಲಿ ಏರುವ ಹೊತ್ತಿಗೆ ನಡೆಯತೊಡಗಿದೆವು. ನಾನು ಮುಂದೆ, ಲೈಲ್ ಹಿಂದೆ ಬರಿಗೈಲಿ, ನನ್ನ ಹಳೇ ಜಾಗದಲ್ಲಿ. ಬಾಯಿ ಮುಚ್ಚಲಿಲ್ಲ ಮಾರಾಯ. ಹಿಂದೆ ನಡೆಯುವವರು ಸುಮ್ಮನೆ ನಡೆಯಬೇಕು ಅಂತ ಇಷ್ಟು ವರ್ಷ ನನಗೆ ಪಾಠ ಹೇಳಿದವನೇ.

ಡಾಟಿ ನಿಂತಳು. ಕಾಲು ಮೇಲೆ, ಬಾಲ ನೇರ. ನೋವೆಲ್ಲ ಎಲ್ಲಿ ಹೋಯಿತೋ. ಬುರ್ರೆಂದು ಎದ್ದಿತು ಹಕ್ಕಿ — ತಪ್ಪಿದೆ. ತಿರುಗಿ ನೋಡಿದಳು, ಅದೇ ನೋಟ. ಕ್ಷಮಿಸಮ್ಮ ಅಂದೆ.

ಕಾಲುವೆಯ ಪಕ್ಕ ಮತ್ತೆ ನಿಂತಳು. ಲೈಲ್‌ನ ಮಾತೂ ನಿಂತಿತು. ಹಕ್ಕಿ ಎದ್ದಿತು, ಕೆಳಮಟ್ಟದಲ್ಲಿ, ಎಡಕ್ಕೆ. ಕೋವಿ ಮುಖಕ್ಕೆ ಬಂದದ್ದು ನೆನಪಿಲ್ಲ. ಈಡಾಯಿತು. ಗರಿಗಳು ಗಾಳಿಯಲ್ಲಿ ಉಳಿದವು, ಹಕ್ಕಿ ಇರಲಿಲ್ಲ.

ಡಾಟಿ ಹುಡುಕಿ ಬಾಯಲ್ಲಿ ಹಿಡಿದು ಬಂದಳು. ಲೈಲ್ ಹೊಡೆದ ಹಕ್ಕಿಯನ್ನು ಇವಳು ಒಂದು ದಿನವೂ ಅವನಿಗೆ ಕೊಟ್ಟವಳಲ್ಲ. ಹಿಂದೆ ನಡೆಯುವ ನನ್ನ ಕೈಗೇ ತರುತ್ತಿದ್ದಳು. ಹೊಡೆಯೋನು ನಾನು, ಬಹುಮಾನ ನಿಂಗೆ ಅಂತ ಅವನು ಗೊಣಗದ ಸೀಸನ್ನಿಲ್ಲ. ನಾಯಿಗೆ ತನ್ನನ್ನು ಕಂಡರಾಗದು ಅಂತಲೇ ನಂಬಿದ್ದ. ನಾನು ಕೋವಿ ಮಡಚಿ ತೆರೆದು, ಬಗ್ಗಿ ಕೈ ಚಾಚಿದೆ. ಡಾಟಿ ನನ್ನನ್ನು ದಾಟಿ ಹೋದಳು. ಸೀದಾ ಹಿಂದಕ್ಕೆ. ಲೈಲ್‌ನ ಮುಂದೆ ಕೂತು ಮುಖವೆತ್ತಿದಳು.

ಒಳ್ಳೇ ಕೈಯಲ್ಲಿ ಹಕ್ಕಿ ತೆಗೆದುಕೊಂಡ. ಇನ್ನೂ ಬೆಚ್ಚಗಿತ್ತು.

“ಕೋವಿ ಹಿಡಿದೋರ ಕೈ ಖಾಲಿ ಇರಲ್ಲ ಅಂತ ಗೊತ್ತು ಕಣೆ ಇವಳಿಗೆ” ಅಂದ. “ಅಷ್ಟೇ. ಅಷ್ಟೇ ಆಗಿತ್ತು ನೋಡು.”

ಕಣ್ಣು ಒರೆಸಿಕೊಂಡು, ಗಾಳಿ ಅಂದ. ಗಾಳಿಯೇ ಇರಲಿಲ್ಲ. ನಿಂತಲ್ಲೇ ಸ್ತೋತ್ರ ಹೇಳಿದೆ, ಗಟ್ಟಿಯಾಗಿ, ಪುಲ್ ಅನ್ನುವ ದನಿಯಲ್ಲಿ.

ಬೇಡಿದ್ದು ಒಂದು. ಸಿಕ್ಕಿತು. ಡಾಟಿ ಗಾಡಿಯ ನೆರಳಲ್ಲಿ ಮಲಗಿ ಸುಧಾರಿಸಿಕೊಳ್ಳಲಿ, ಇವತ್ತಿಗೆ ಸಾಕು ಅಂದುಕೊಂಡೆ. ಮನೆಗೆ ಹೋಗಿ ಈರುಳ್ಳಿ, ಬೇಕನ್ ಹಾಕಿ ಒಂದು ಪುಟ್ಟ ಪೈ —

ಅರೆ, ನೆರಳಲ್ಲಿ ನಾಯಿ ಇಲ್ಲ. ಲೈಲ್ ಬೇಲಿಯ ಹತ್ತಿರದಿಂದ ಕೈ ಬೀಸುತ್ತಿದ್ದಾನೆ, ಮಾತಿಲ್ಲದೆ. ಅವನ ಮುಂದೆ ಕೂಳೆಯೊಳಗೆ ಒಂದು ಕಾಲು ಮೇಲೆ, ಬಾಲ ನೇರ… ತೋಟಾ ಎಲ್ಲಿಟ್ಟೆ