ಅತ್ತಿಗೆಯ ಮದ್ದು

ಬ್ಯಾಡರಹಳ್ಳಿ
14-11-2025, ಶುಕ್ರವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಬಿಂದು ಮಾಡುವ ನಮಸ್ಕಾರ. ಆ ಮರಳುಗಾಳಿಗೆ ನಿನ್ನ ಕಣ್ಣುರಿ ಕಡಿಮೆಯಾಯಿತೇ? ರೆಜಿಮೆಂಟಿನ ಡಾಕ್ಟರು ಕೊಟ್ಟ ಹನಿಗಳನ್ನು ಮರೆಯದೆ ಹಾಕಿಕೋ. ಅಮ್ಮನ ಮಂಡಿನೋವು ಹಾಗೇ ಇದೆ. ನಿನ್ನ ಫೋನ್ ಬಂದರೆ ಅಮ್ಮ ಸ್ಪೀಕರ್ ಹಾಕುತ್ತಾಳೆ, ಎಲ್ಲರೂ ಸುತ್ತ ಕೂರುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಇಂಥದ್ದನ್ನು ನಿನ್ನೊಂದಿಗೆ ಬಾಯಿಬಿಟ್ಟು ಆಡಲು ನನಗೆ ಸಂಕೋಚವೂ ಹೌದು.

ರಜೆಯಲ್ಲಿ ಬಂದಾಗ ಮಗುವಿನ ಚಿಕಿತ್ಸೆಗೆಂದು ನೀನು ಕೊಡಬೇಕಾದ್ದನ್ನು ವಿಜಯನಗರದ ಆಸ್ಪತ್ರೆಯಲ್ಲಿ ಕೊಟ್ಟು ಹೋದೆ. ಮಿಕ್ಕಿದ್ದೆಲ್ಲ ಗಗನಾ ಅತ್ತಿಗೆಯ ಪಾಲಿಗೆ. ಮುಟ್ಟಾದ ಮರುದಿನವೇ ಇಂಜೆಕ್ಷನ್ ಶುರುವಾಯಿತು. ಆಗ ಅವರು ಅಡುಗೆಮನೆಗೆ ಬರುವಂತಿಲ್ಲ, ಮದ್ದು ಇದ್ದದ್ದು ಅಲ್ಲಿನ ಫ್ರಿಜ್ಜಿನಲ್ಲಿ. ಸಂಜೆ ನಾನೇ ಒಯ್ದು ಹೊಕ್ಕುಳ ಪಕ್ಕ ಚುಚ್ಚುತ್ತಿದ್ದೆ. "ನೀನು ಎಂ.ಎ. ಮಾಡಿದ್ದು ಕನ್ನಡದಲ್ಲೋ ನರ್ಸಿಂಗಲ್ಲೋ ಬಿಂದು?" ಎಂದು ನಗುತ್ತಿದ್ದರು. ಹೊಟ್ಟೆಯ ತುಂಬ ನೀಲಿ ಕಲೆಗಳಾದವು. ಸ್ಕ್ಯಾನಿಗೆ ಹೋದಾಗ ಮಾತ್ರ ನಗು ಇರುತ್ತಿರಲಿಲ್ಲ. ಅಂಡಗಳು ಬೆಳೆಯುತ್ತಿವೆಯೇ ಎಂದು ಡಾಕ್ಟರು ಪರದೆಯ ಮೇಲೆ ಅಳೆಯುತ್ತಿದ್ದರು. ಡೋಸ್ ಹೆಚ್ಚಿಸಿದರು. ಬುಧವಾರ, "ಬೆಳೀತಾನೇ ಇಲ್ಲಮ್ಮ. ಈ ಸಲ ನಿಲ್ಲಿಸಿಬಿಡೋಣ" ಎಂದರು. ಇಷ್ಟು ಮದ್ದಿಗೂ ಬೆಳೆಯದಿದ್ದರೆ ಮುಂದೆ ಬೇರೆ ಹೆಂಗಸಿನ ಅಂಡ ಪಡೆಯುವುದೇ ಒಳ್ಳೆಯದು, ಅದಕ್ಕೆ ಗಂಡನ ಒಪ್ಪಿಗೆ ಬೇಕು ಎಂದೂ ಹೇಳಿದರು.

ಬಸ್ಸಿನಲ್ಲಿ ಅತ್ತಿಗೆ ಅಳಲಿಲ್ಲ. ಸುಂಕದಕಟ್ಟೆ ದಾಟಿದ ಮೇಲೆ, "ನಂದು ಅನ್ನೋದು ಅದ್ರಲ್ಲಿ ಏನೂ ಇರಲ್ಲ. ಹೋಗ್ಲಿ, ನಿಮ್ಮಣ್ಣಂದಾದ್ರೂ ಇರುತ್ತಲ್ಲ" ಎಂದರು. ಮನೆಗೆ ಬಂದರೆ ಅಮ್ಮ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನಿಗೆ ಹೇಳುತ್ತಿದ್ದಳು: "ಅವಳ ಮೈಯಾಗೇ ಏನೋ ಐತೆ ಕಣೇ. ನನ್ನ ಮಗ ಎಷ್ಟು ದಿನ ಅಂತ ಕಾಯ್ತಾನೆ?" ಅತ್ತಿಗೆ ಚಪ್ಪಲಿ ಬಿಡುತ್ತಿದ್ದವರು ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ನಿನ್ನ ಒಪ್ಪಿಗೆ ಕೇಳಲು ತಿಂಗಳ ಕೊನೆಗೆ ಅವರೇ ಫೋನ್ ಮಾಡುತ್ತಾರಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಚ್ಚರವಾಗಿರು.

ನಿನ್ನ ತಂಗಿ,
ಬಿಂದುಶ್ರೀ

ತಾ.ಕ.: ಅಣ್ಣಾ, ಈಗಲೇ ಒಪ್ಪಬೇಡ. ನಿನ್ನೆ ಫ್ರಿಜ್ ಒರೆಸುವಾಗ ಅಮ್ಮ ತಾನಾಗಿಯೇ ಹೇಳಿದಳು: "ಪಟಾಲಮ್ಮನ ಪೂಜೆ ಹಾಲಿನ ಪಕ್ಕ ಮುಟ್ಟಾದವಳ ಮದ್ದು ಇಡಕ್ಕಾಯ್ತದಾ? ರಾತ್ರಿ ಮೇಲ್ಗಡೆ ಐಸ್ ಆಗೋ ಕಡೆ ಇಟ್ಬಿಡ್ತಿದ್ದೆ. ಬೆಳಿಗ್ಗೆ ಹಾಲು ದೇವ್ರಿಗೆ ಹೋದ್ಮೇಲೆ ಕೆಳಗಿಡ್ತಿದ್ದೆ." ಒಂದು ಸಲ ಹೆಪ್ಪುಗಟ್ಟಿದರೂ ಆ ಮದ್ದು ಕೆಟ್ಟಂತೆ ಎಂದು ಅದರ ಡಬ್ಬಿಯ ಮೇಲೇ ಇದೆ. ನಾನು ದಿನವೂ ಚುಚ್ಚಿದ್ದು ಅದನ್ನೇ. ಅಮ್ಮನ ಆ ಹಾಲಿನ ಹರಕೆ ಮೊಮ್ಮಗುವಿಗಾಗಿಯೇ. ಅತ್ತಿಗೆಯ ಮೈಯಲ್ಲಿ ದೋಷ ಇದೆಯೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಹೇಳಲೆಂದು ಎರಡು ಸಲ ಅವರ ಕೋಣೆಯ ಬಾಗಿಲ ತನಕ ಹೋಗಿ ವಾಪಸು ಬಂದೆ. ಇದು ಸಿಕ್ಕ ದಿನವೇ ನೀನು ಅವರಿಗೆ ಹೇಳು, ಆಮೇಲೆ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಯಾರು ಇಟ್ಟರು ಎಂದು ಅತ್ತಿಗೆ ಕೇಳಿಯೇ ಕೇಳುತ್ತಾರೆ. ಏನು ಹೇಳುತ್ತೀಯೋ ಯೋಚಿಸು. ನೀನು ಬರುವ ತನಕ ಅಮ್ಮನೂ ಅವರೂ ಒಂದೇ ಒಲೆಯ ಮುಂದೆ ನಿಲ್ಲಬೇಕು.